ಹಳದಿ ಮುಚ್ಚಳದ ಬಾಟಲಿ

ಟಿಕ್, ಟಿಕ್, ಟಿಕ್ — ಹಳದಿ ಸಾಲಿನ ಮೂರನೆಯ ಗೂಡಿನ ಇಲಿ ನೀರಿನ ನಳಿಗೆಯ ತುದಿಯಲ್ಲಿರುವ ಉಕ್ಕಿನ ಗುಂಡನ್ನು ನೆಕ್ಕುತ್ತಿದೆ, ನಾಲಿಗೆ ತಾಗಿದಾಗಲೆಲ್ಲ ಗುಂಡು ಒಳಗೆ ಸರಿದು ಒಂದು ಹನಿ ಬಿಡುತ್ತದೆ, ಮತ್ತೆ ಟಿಕ್, ಇವತ್ತೇ ಕೊನೆ ಎಂದು ಅದಕ್ಕೆ ಯಾರು ಹೇಳಬೇಕು, ಕುಡಿಯಪ್ಪ, ಹೊಟ್ಟೆ ತುಂಬ ಕುಡಿ, ಎಂದುಕೊಂಡು ಅವನು ಗೂಡಿನ ಮುಚ್ಚಳ ಎತ್ತಿದ, ಕೈ ಒಳಗೆ ಹೋಯಿತು, ಇಲಿ ಓಡಲಿಲ್ಲ, ಇಪ್ಪತ್ತಾರು ವರ್ಷದಿಂದ ಈ ಕೈಯನ್ನು ಯಾವ ಇಲಿಯೂ ಕಚ್ಚಿಲ್ಲ, ಅದಕ್ಕೇ ತಾನೆ ಇಡೀ ಸಂಶೋಧನಾ ಸಂಸ್ಥೆ ಅವನನ್ನು ಇಲಿಯಪ್ಪ ಎಂದು ಕರೆಯುವುದು, ದೊಡ್ಡ ದೊಡ್ಡ ಡಿಗ್ರಿಯವರು ಕೂಡ, ಇಲಿಯಪ್ಪನವರೇ ಸ್ವಲ್ಪ ಹಿಡ್ಕೊಳ್ಳಿ, ನಿಮ್ಮ ಕೈಲಿದ್ರೆ ಸುಮ್ಮನಿರುತ್ತೆ ನೋಡಿ — ಸುಮ್ಮನಿರುತ್ತದೆ, ಬೆಚ್ಚಗೆ, ಅದರ ಎದೆಬಡಿತ ಅಂಗೈಗೆ ತಾಗುತ್ತದೆ, ಗೋಡೆಯ ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತು, ಹೆಂಡತಿಯ ಬಸ್ಸು ಮೂರಕ್ಕೆ, ಇನ್ನೂ ಮೂರೂವರೆ ಗಂಟೆಗೂ ಹೆಚ್ಚು ಸಮಯ ಇದೆ, ಅಷ್ಟು ಹೊತ್ತಿನಲ್ಲಿ ಒಂದು ಮಾತು ಹೇಳಲಾಗದವನು ಗಂಡಸೇ, ಎಂದು ಕೇಳಿಕೊಂಡ, ಆ ಪದ ತಾನಾಗಿ ಬಂದದ್ದಕ್ಕೆ ಹಲ್ಲು ಕಚ್ಚಿದ. ಒಂದೇ ಮಾತು. ಇದು ನಿನ್ನ ಆಪರೇಷನ್‌ಗಿಂತ ಮೊದಲೇ ಇತ್ತು ಕಣೆ. ಅಷ್ಟೇ. ಬೆಳಿಗ್ಗೆ ಅವಳು ಬ್ಯಾಗಿನ ಜಿಪ್ ಎಳೆಯುತ್ತಿದ್ದಾಗ ಅದು ನಾಲಿಗೆಯ ತುದಿಗೆ ಬಂದಿತ್ತು, ಅವಳು ತಲೆ ಎತ್ತದೆ, ನಾನು ಅಕ್ಕನ ಮನೆಗೆ ಹೋಗಿರ್ತೀನಿ ರೀ, ಮೂರು ಗಂಟೆ ಬಸ್ಸು, ಏನಾದ್ರೂ ಹೇಳೋದಿದ್ರೆ ಅಷ್ಟರೊಳಗೆ ಹೇಳಿಬಿಡಿ, ಅಂದಳು. ಅವನು, ಕೊಡೆ ಇಟ್ಕೊಂಡ್ಯಾ, ಅಂದ. ಎಷ್ಟು ದಿನಕ್ಕೆ ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ, ಬ್ಯಾಗು ಮಾತ್ರ ತುಂಬ ದೊಡ್ಡದಿತ್ತು.

ಕಾರಿಡಾರಿನಲ್ಲಿ ಇಲಿಯನ್ನು ಎದೆಗೊತ್ತಿಕೊಂಡು ನಡೆಯುತ್ತಾನೆ, ಈ ಕಡೆಗೆ ಫಿನಾಯಿಲ್ ವಾಸನೆ, ಆ ಕಡೆಗೆ ಈ ಪ್ರಯೋಗ ನಡೆಸುವ ಮೇಡಂ ಅವರ ಲ್ಯಾಬಿನ ಸ್ಪಿರಿಟ್ ವಾಸನೆ, ಇದು ಏಳನೆಯದು, ಒಟ್ಟು ಹನ್ನೆರಡು, ಎಲ್ಲವೂ ಗಂಡು, ನಾಲ್ಕು ತಿಂಗಳಿಂದ ಅವಕ್ಕೆ ಕೊಬ್ಬು ಬೆರೆಸಿದ ಉಂಡೆ ಕಟ್ಟಿ ತಿನ್ನಿಸಿದ್ದು ಇವನೇ, ಸ್ವಂತ ಕೈಯಿಂದ, ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಳ್ಳಬೇಕು, ಕಟ್ಟಿಕೊಂಡು ಹೆಣ್ಣಿನ ಜೊತೆಗಿನ ಆ ಕೆಲಸಕ್ಕೆ ಬಾರದ ಹಾಗಾಗಬೇಕು, ಆಮೇಲೆ ಮದ್ದು ಕೊಟ್ಟು ನೋಡಬೇಕು, ಇದು ಪ್ರಯೋಗ. ಮೊದಲ ದಿನ ಮೇಡಂ ವಿವರಿಸಿದಾಗ ಅವನ ಕಿವಿ ಬಿಸಿಯಾಗಿತ್ತು, ಇವರಿಗೆ ಯಾರು ಹೇಳಿದರಪ್ಪ ನನ್ನ ಸಂಗತಿ, ಎಂದುಕೊಂಡಿದ್ದ. ಮದ್ದು ಗಾಂಜಾ ಜಾತಿಯದು, ಇಲಿಯಪ್ಪನವರೇ, ಆದ್ರೆ ಮತ್ತು ಬರಿಸಲ್ಲ, ನಮ್ಮ ಮೈಯೇ ಇಂಥದ್ದನ್ನ ಚೂರುಪಾರು ತಯಾರು ಮಾಡ್ಕೊಳ್ಳುತ್ತೆ. ರಕ್ತ ಒಳಗೆ ಬಂದು ತುಂಬಬೇಕಾದ್ರೆ ಅಲ್ಲಿನ ಸ್ನಾಯು ಮೊದಲು ಸಡಿಲ ಆಗ್ಬೇಕು, ಜನ ಬಿಗಿಯಾಗ್ಬೇಕು ಅಂದ್ಕೊಂಡಿದಾರೆ, ತಪ್ಪು, ಬಿಗಿ ಹಿಡಿದರೆ ಏನೂ ಆಗಲ್ಲ. ಮೇಡಂ ಅವರಿಗೆ ಇದೆಲ್ಲ ಹವಾಮಾನ ವರದಿ ಇದ್ದ ಹಾಗೆ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ, ಅವನು ಮಾತ್ರ ಉಂಡೆಯ ಡಬ್ಬದೊಳಗೆ ತಲೆ ತೂರಿಸುವಷ್ಟು ಬಗ್ಗಿ ನಿಂತಿದ್ದ.

ಎರಡು ಬಾಟಲಿ, ಕಂದು ಗಾಜಿನವು, ಒಂದಕ್ಕೆ ನೀಲಿ ಮುಚ್ಚಳ, ಒಂದಕ್ಕೆ ಹಳದಿ, ಒಂದರಲ್ಲಿ ಎಣ್ಣೆಯಲ್ಲಿ ಕರಗಿಸಿದ ಮದ್ದು, ಇನ್ನೊಂದರಲ್ಲಿ ಬರೀ ಎಣ್ಣೆ, ಯಾವುದರಲ್ಲಿ ಯಾವುದು ಎಂದು ಮೇಡಂಗೂ ಗೊತ್ತಿಲ್ಲ, ಗೊತ್ತಿದ್ದರೆ ಮನಸ್ಸು ಆ ಕಡೆ ವಾಲುತ್ತದಂತೆ, ಹಾಗಾಗಿ ಕೆಳಮಹಡಿಯ ಔಷಧ ವಿಭಾಗದವರು ಬರೆದು ಲಕೋಟೆಗೆ ಅಂಟು ಹಾಕಿ ಬೀರುವಿನಲ್ಲಿ ಇಟ್ಟಿದ್ದಾರೆ, ಪ್ರಯೋಗ ಮುಗಿದ ಮೇಲೆ ತೆಗೆಯುವುದು, ಅಂದರೆ ಇವತ್ತು. ಮೇಡಂಗೆ ಗೊತ್ತಿಲ್ಲ, ಆದರೆ ಇಲಿಯಪ್ಪನಿಗೆ ಗೊತ್ತು. ಗೂಡು ಬಳಿಯುವವನಿಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗುತ್ತದೆ, ನೀಲಿ ಸಾಲಿನ ಆರು ಇಲಿಗಳು ಉಂಡೆ ಅರ್ಧ ಬಿಡುತ್ತಿದ್ದವು, ಹಳದಿಯವು ತಟ್ಟೆ ನೆಕ್ಕಿ ಇನ್ನೂ ಬೇಕೆಂದು ಕಂಬಿ ಹಿಡಿದು ನಿಲ್ಲುತ್ತಿದ್ದವು, ಗಾಂಜಾ ಹೊಡೆದವರಿಗೆ ಹಸಿವು ಜಾಸ್ತಿ ಎಂದು ಯಾರಿಗೆ ಗೊತ್ತಿಲ್ಲ, ಸಂಸ್ಥೆಯ ಹಳೆಯ ಡ್ರೈವರ್ ಒಬ್ಬನಿದ್ದನಲ್ಲ, ಎಳೆದ ದಿನ ಕ್ಯಾಂಟೀನಿನ ಬ್ರೆಡ್ಡನ್ನೆಲ್ಲ ಒಬ್ಬನೇ ಖಾಲಿ ಮಾಡುತ್ತಿದ್ದ. ಹಾಗಾದರೆ ಹಳದಿಯೇ ಮದ್ದು, ಎರಡು ವಾರ ನೋಡಿ ನೋಡಿ ಖಾತ್ರಿ ಮಾಡಿಕೊಂಡ, ಫ್ರಿಜ್ಜಿನ ಕೀ ಅವನ ಸೊಂಟದಲ್ಲೇ ಇತ್ತು, ಮೇಡಂ ಊಟಕ್ಕೆ ಹೋದಾಗ ಮೊದಲ ಹತ್ತು ಹನಿ ನಾಲಿಗೆಗೆ ಬಿಟ್ಟುಕೊಂಡ, ಜಿಡ್ಡು ಜಿಡ್ಡು, ರುಚಿಯಿಲ್ಲ, ತೂಕದ ಲೆಕ್ಕ ಹಿಡಿದರೆ ಅವನೊಬ್ಬ ಇನ್ನೂರ ನಲವತ್ತು ಇಲಿಗೆ ಸಮ, ಹತ್ತು ಹನಿ ಯಾವ ಮೂಲೆಗೆ, ಆದರೂ ಇಲ್ಲದ್ದಕ್ಕಿಂತ ವಾಸಿ, ಹತ್ತೊಂಬತ್ತು ದಿನ, ದಿನಕ್ಕೆ ಹತ್ತು ಹನಿ, ಬಾಟಲಿಯ ಮಟ್ಟ ಇಳಿದದ್ದು ಗೊತ್ತಾಗಬಾರದೆಂದು ಮನೆಯ ಅಡುಗೆ ಎಣ್ಣೆ ಸೀಸೆಯಲ್ಲಿ ತಂದು ಸುರಿದ. ಕಳ್ಳತನ. ಇಪ್ಪತ್ತಾರು ವರ್ಷದಲ್ಲಿ ಒಂದು ಹಿಡಿ ಹೊಟ್ಟನ್ನೂ ಮನೆಗೆ ಒಯ್ಯದವನು.

ಬನ್ನಿ, ಇಲ್ಲಿ ಬಿಡಿ, ಅಂದರು ಮೇಡಂ, ಅವನು ಇಲಿಯನ್ನು ಗಾಜಿನ ಪೆಟ್ಟಿಗೆಯೊಳಗೆ ಇಳಿಸಿದ, ಮುಚ್ಚಳ ಹಾಕಿ ಅನಿಲದ ಗುಂಡಿ ತಿರುಗಿಸುವುದು ಮೇಡಂ ಕೆಲಸ, ಮುಖ ತಿರುಗಿಸಿಕೊಳ್ಳುವುದು ಅವನ ಕೆಲಸ, ಮೂಗನ್ನು ಮೂಲೆಗೆ ಒತ್ತಿ ಇಲಿ ಕುಸಿಯುತ್ತದೆ, ಅದು ಬೇಗ ಮುಗಿಯುತ್ತದೆ. ತನ್ನ ಈ ತೊಂದರೆ ಯಾವಾಗ ಶುರುವಾಯಿತು ಎಂದು ಆಸ್ಪತ್ರೆಯ ಡಾಕ್ಟರು ಕೇಳಲಿಲ್ಲ, ಕೇಳಿದ್ದರೆ ಹೇಳುತ್ತಿದ್ದನೇ, ಅವಳ ಎದೆಯಲ್ಲಿ ಗಂಟು ಕಾಣಿಸಿಕೊಳ್ಳುವುದಕ್ಕೆ ಎಂಟು ತಿಂಗಳ ಮುಂಚೆ, ಮೊದಲ ಸಲ ಮೈ ಕೈಕೊಟ್ಟಾಗ ಇಬ್ಬರೂ ನಕ್ಕಿದ್ದರು, ನಿಮ್ಮ ಇಲಿಗಳ ಕಾಟ, ಸುಸ್ತಾಗಿದೀರಿ ಮಲಗಿ, ಅಂದಿದ್ದಳು, ಎರಡನೆಯ ಸಲ ನಗಲಿಲ್ಲ, ಮೂರನೆಯ ಸಲದ ಹೊತ್ತಿಗೆ ಅವನು ಗೊರಕೆ ನಟಿಸುವುದನ್ನು ಕಲಿತಿದ್ದ. ಆಮೇಲೆ ಗಂಟು ಬಂತು, ಆಸ್ಪತ್ರೆ, ಎಡಗಡೆಯದನ್ನು ಪೂರ್ತಿ ತೆಗೆಯಬೇಕು ಅಂದರು, ಅವಳು ಅವನ ಕೈ ಹಿಡಿದು ಅತ್ತಳು, ಅವನೂ ಅತ್ತ, ನಿಜವಾಗಿ ಅತ್ತ, ಆದರೆ ಆ ಅಳುವಿನ ಅಡಿಯಲ್ಲಿ ಒಂದು ಸಣ್ಣ ನೆಮ್ಮದಿ ಇತ್ತಲ್ಲ, ಇನ್ನು ಒಂದು ವರ್ಷ ಯಾರೂ ಏನೂ ಕೇಳುವುದಿಲ್ಲ ಎಂಬ ನೆಮ್ಮದಿ — ಛೀ, ಅದನ್ನು ನೆನೆಸಿಕೊಂಡರೆ ಇವತ್ತಿಗೂ ತನ್ನ ಮುಖಕ್ಕೆ ತಾನೇ ಉಗಿಯಬೇಕೆನಿಸುತ್ತದೆ. ಅವಳಿಗೆ ರಕ್ತ ಕೊಡಲು ಹೋದಾಗಲೇ ಇವನ ರಕ್ತವನ್ನೂ ನೋಡಿದರು, ಕೊಬ್ಬು ಸಿಕ್ಕಾಪಟ್ಟೆ ಇದೆ, ಡಾಕ್ಟರು ಚೀಟಿ ಬರೆಯುತ್ತ, ಹೃದಯಕ್ಕಿಂತ ಮುಂಚೆ ಸಣ್ಣ ನಾಳಗಳು ಕಟ್ಟಿಕೊಳ್ತವೆ, ಮನೇಲಿ ಆ ವಿಷಯ ಎಲ್ಲ ಹೇಗಿದೆ, ಅಂದರು, ಇವನು, ಎಲ್ಲ ಚೆನ್ನಾಗಿದೆ ಡಾಕ್ಟ್ರೇ, ಅಂದ, ಬಾಗಿಲಾಚೆ ಬೆಂಚಿನಲ್ಲಿ ಕೂತಿದ್ದ ಯಾರೋ ಕೆಮ್ಮಿದರು, ಇವನಿಗೆ ನಕ್ಕ ಹಾಗೆ ಕೇಳಿಸಿತು. ಆ ರಿಪೋರ್ಟು ಇವತ್ತಿಗೂ ಇಲಿಮನೆಯ ಉಂಡೆ ಡಬ್ಬದ ಅಡಿಯಲ್ಲಿದೆ, ನಾಲ್ಕು ಮಡಿಕೆ ಮಾಡಿ.

ಅದನ್ನು ಅವಳ ಮುಂದೆ ಇಟ್ಟಿದ್ದರೆ ಸಾಕಿತ್ತು. ಓದಲು ಬರುವುದಿಲ್ಲವೇ ಅವಳಿಗೆ, ಇಪ್ಪತ್ತು ವರ್ಷ ಹೊಲಿಗೆ ಅಂಗಡಿಯಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಬಟ್ಟೆ ಕತ್ತರಿಸಿದವಳು, ಗುಂಡಿ ಹಚ್ಚುವುದರಲ್ಲಂತೂ ಅವಳ ಕೈ ಯಾರಿಗೂ ಇಲ್ಲ ಎಂದು ಅಂಗಡಿಯವರೇ ಹೇಳುತ್ತಿದ್ದರು, ಆಪರೇಷನ್ ಆದ ಮೇಲೆ ಎಡಗೈ ಮೇಲೆ ಎತ್ತಲಾಗದು, ತಲೆಯ ಮೇಲಿಂದ ಹಾಕಿಕೊಳ್ಳುವ ಬಟ್ಟೆ ಆಗದು, ಎಂದು ಮುಂದೆ ಗುಂಡಿಯಿರುವ ನೈಟಿಯನ್ನು ತಾನೇ ಹೊಲಿದುಕೊಂಡಳು, ಐದು ಗುಂಡಿ, ನಾಲ್ಕು ಬಿಳಿ, ಒಂದು ಕಂದು, ಮನೆಯಲ್ಲಿ ಇರೋದು ನಾನು ನೀವು, ಯಾರು ನೋಡ್ತಾರೆ, ಅಂದು ನಕ್ಕಿದ್ದಳು. ಈಚೆಗೊಂದು ಭಾನುವಾರ. ಊಟ ಆಗಿತ್ತು. ಪರದೆ ಅರ್ಧ ಸರಿದಿತ್ತು, ಮಂಚದ ಮೇಲೆ ಬಿಸಿಲಿನ ಪಟ್ಟಿ, ಅವಳು ಬಂದು ಪಕ್ಕದಲ್ಲಿ ಕೂತಳು, ಒಂದು ವರ್ಷ ಆಯ್ತು, ಒಂದ್ಸಲ ನೋಡ್ಬಿಡಿ, ಆಮೇಲೆ ಅಭ್ಯಾಸ ಆಗುತ್ತೆ, ಅಂದಳು, ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು, ಅವನು ನೋಡಿದ, ಅಡ್ಡ ಗೆರೆ, ಇಸ್ತ್ರಿ ಪೆಟ್ಟಿಗೆ ತಾಗಿ ಸುಟ್ಟ ಬಟ್ಟೆಯ ಹಾಗೆ ನಯವಾಗಿ ಹೊಳೆಯುವ ಚರ್ಮ, ಅವನಿಗೆ ಹೇಸಿಗೆ ಆಗಲಿಲ್ಲ, ದೇವರಾಣೆ ಆಗಲಿಲ್ಲ, ಮುಟ್ಟಬೇಕೆನಿಸಿತು, ಮುಖ ಒತ್ತಿ ಅಳಬೇಕೆನಿಸಿತು, ಅದಕ್ಕೂ ಮುಂದೆ ಬೇಕೆನಿಸಿತು, ಮನಸ್ಸು ಓಡಿತು, ಮೈ ಮಾತ್ರ ಅಲ್ಲೇ ಕಲ್ಲಿನ ಹಾಗೆ ಕೂತಿತ್ತು, ಮುಟ್ಟಿದರೆ ಮುಂದಿನದಕ್ಕೆ ಕೈಹಾಕಬೇಕಾಗುತ್ತದೆ, ಕೈಹಾಕಿದರೆ ಗುಟ್ಟು ರಟ್ಟಾಗುತ್ತದೆ, ಎಂದು ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ಕೂತ. ಎಷ್ಟು ಹೊತ್ತು. ಕುಕ್ಕರಿನ ಶಬ್ದ ಪಕ್ಕದ ಮನೆಯಿಂದ ನಾಲ್ಕು ಸಲ ಬರುವಷ್ಟು ಹೊತ್ತು. ನಿಮಗೆ ಹೇಸಿಗೆ ಆಗುತ್ತೆ ಅಲ್ವಾ, ಅಂದಳು, ಕೇಳಿದ ಹಾಗೆ ಅಲ್ಲ, ಗೊತ್ತಿರುವುದನ್ನು ಹೇಳಿದ ಹಾಗೆ. ಆಮೇಲೆ ಕೆಳಗಿನಿಂದ ಗುಂಡಿ ಹಾಕತೊಡಗಿದಳು, ಒಂದು, ಎರಡು, ಮೂರು, ಎಡಗೈ ಬೆರಳು ಊದಿಕೊಂಡಿತ್ತಲ್ಲ, ನಾಲ್ಕನೆಯದು, ಆ ಕಂದು ಗುಂಡಿ, ಕಾಜಾಕ್ಕೆ ಹೋಗಲೊಲ್ಲದು, ಒತ್ತುತ್ತಾಳೆ, ಜಾರುತ್ತದೆ, ಒತ್ತುತ್ತಾಳೆ —

ಇಲಿಯಪ್ಪನವರೇ, ಎಂಟನೆಯದು, ಅಂದರು ಮೇಡಂ. ಬಂದೆ ಮೇಡಂ. ನೀಲಿ ಸಾಲು, ಒಂದನೆಯ ಗೂಡು. ಗಂಟೆ ಹನ್ನೆರಡು ಮುಕ್ಕಾಲು. ಫೋನು ಹೊರಗಿನ ಪೆಟ್ಟಿಗೆಯಲ್ಲಿದೆ, ಇಲಿಮನೆಗೆ ಫೋನು ತರುವಂತಿಲ್ಲ, ಈಗ ಹೋಗಿ ಮಾಡಬಹುದು, ಆದರೆ ಲಕೋಟೆ ತೆಗೆಯಲಿ, ಹಳದಿ ಮದ್ದೇ ಎಂದು ಗೊತ್ತಾದರೆ ಹೇಳುವ ಮಾತೇ ಬೇರೆ, ನಾಚಿಕೆಯ ಮಾತಲ್ಲ, ಆಸೆಯ ಮಾತು, ಹೋಗ್ಬೇಡ ಕಣೆ, ಇನ್ನು ಹತ್ತು ದಿನ ನೋಡು ಎನ್ನಬಹುದು, ಯಾಕೆಂದರೆ ಹನ್ನೆರಡನೆಯ ದಿನ ಬೆಳಿಗ್ಗೆ ಆಗಿತ್ತಲ್ಲ, ಅರೆನಿದ್ದೆಯಲ್ಲಿ, ಎರಡು ವರ್ಷಗಳ ನಂತರ, ಪೂರ್ತಿಯಲ್ಲ, ಆದರೂ ಇತ್ತು, ಹೌದು ಇತ್ತು, ಅವನು ಉಸಿರು ಹಿಡಿದು ಮಲಗಿದ್ದ, ಪಕ್ಕದ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ ನಿಂತು ನಿಂತು ಓಡುತ್ತಿತ್ತು, ಕರೆಯಬೇಕಿತ್ತು, ಕರೆಯಲಿಲ್ಲ, ಅವಳು ಬರುವಷ್ಟರಲ್ಲಿ ಹೋಗಿಬಿಟ್ಟರೆ, ಇನ್ನೂ ಸ್ವಲ್ಪ ಗಟ್ಟಿಯಾಗಲಿ, ಇನ್ನೊಂದು ವಾರ ಮದ್ದು ಒಳಗೆ ಹೋಗಲಿ, ಎಂದು ಸುಮ್ಮನಿದ್ದ, ಹೋಗಿಯೇ ಹೋಯಿತು, ಮತ್ತೆ ಬರಲಿಲ್ಲ. ಆದರೂ ಆವತ್ತು ಕೆಲಸಕ್ಕೆ ಬರುವಾಗ ಸೀಟಿ ಹಾಕಿದ್ದ, ಐವತ್ತನಾಲ್ಕು ವರ್ಷದವನು, ಬೀದಿಯಲ್ಲಿ.

ಕೆಲಸವೆಲ್ಲ ಆ ಬಿಸಿನೀರಿನ ಕೊಳವೆಗಳಲ್ಲಿ ನಡೆಯುತ್ತಿದೆ, ಸಾಲಾಗಿ ಗಾಜಿನ ಕೊಳವೆ, ಉಪ್ಪುನೀರು, ತಳದಿಂದ ಗುಳ್ಳೆ, ಪ್ರತಿಯೊಂದರಲ್ಲೂ ದಾರಕ್ಕೆ ಕಟ್ಟಿ ಇಳಿಬಿಟ್ಟ ಒಂದು ಎಳೆ ಮಾಂಸ, ಉಗುರಿನಷ್ಟೂ ಇಲ್ಲ, ಇಲಿಯ ಅದೇ ಭಾಗದ್ದು, ಮೇಡಂ ಒಂದು ಹನಿ ಬಿಟ್ಟರೆ ಅದು ಬಿಗಿದುಕೊಳ್ಳುತ್ತದೆ, ಕಂಪ್ಯೂಟರಿನ ಪರದೆಯ ಮೇಲೆ ಗೆರೆ ಮೇಲಕ್ಕೇರುತ್ತದೆ, ಆಮೇಲೆ ಇನ್ನೊಂದು ಹನಿ, ಸಡಿಲವಾದರೆ ಗೆರೆ ಇಳಿಯಬೇಕು, ಇಳಿದರೆ ಆ ಇಲಿ ಬದುಕಿದ್ದಾಗ ಗಂಡಾಗಿತ್ತು ಎಂದು ಅರ್ಥ. ಸತ್ತ ಮೇಲೂ ಕೆಲಸ ಮಾಡುತ್ತದೆ ನೋಡು, ಇಲ್ಲಿ ಒಬ್ಬ ಬದುಕಿದ್ದೂ — ನಗು ಬಂತು, ನುಂಗಿಕೊಂಡ. ನೋಡ್ತೀರಾ ಇಲಿಯಪ್ಪನವರೇ, ನಿಮ್ಮ ಮಕ್ಕಳೇ ಅಲ್ವಾ, ಅಂದರು ಮೇಡಂ, ಕುರ್ಚಿ ಸರಿಸಿ ಜಾಗ ಕೊಟ್ಟರು. ಎಡಗಡೆಯ ಪರದೆ ನೀಲಿಯದು, ಬಲಗಡೆಯದು ಹಳದಿಯದು. ನೀಲಿಯ ಗೆರೆಗಳು ಮೇಲಕ್ಕೇರಿ, ತಡೆದು, ಮೆಲ್ಲಗೆ ಇಳಿದವು, ಮಲಗುವ ನಾಯಿ ಕಾಲು ಚಾಚಿದ ಹಾಗೆ. ಹಳದಿಯ ಗೆರೆಗಳು ಮೇಲಕ್ಕೇರಿದವು. ಅಲ್ಲೇ ನಿಂತವು. ಇಳೀತಾವೆ ಇರಿ ಮೇಡಂ, ಅಂದ ಅವನು, ತನ್ನ ದನಿ ತನಗೇ ವಿಚಿತ್ರವಾಗಿ ಕೇಳಿಸಿತು. ಇನ್ನೂ ಒಂದು ಹನಿ ಹಾಕಿ ನೋಡಿ. ಮೇಡಂ ಹುಬ್ಬೇರಿಸಿದರು, ಹಾಕಿದರು. ಗೆರೆ ಕದಲಲಿಲ್ಲ.

ಹಸಿವು. ಹಾಗಾದರೆ ಆ ಹಸಿವು ಯಾವುದರದು, ಹಳದಿಯವು ಯಾಕೆ ತಿನ್ನುತ್ತಿದ್ದವು, ತಟ್ಟೆ ಯಾಕೆ ನೆಕ್ಕುತ್ತಿದ್ದವು, ಹನ್ನೊಂದನೆಯ ಇಲಿಗಾಗಿ ವಾಪಸು ಇಲಿಮನೆಗೆ ಬಂದು ಹಳದಿ ಸಾಲಿನ ಮುಂದೆ ನಿಂತ, ನೆತ್ತಿಗೆ ತಣ್ಣನೆ ಗಾಳಿ ಬಡಿಯಿತು, ತಲೆ ಎತ್ತಿ ನೋಡಿದ, ಏಸಿಯ ಗಾಳಿಕಿಂಡಿ ನೇರ ತಲೆಯ ಮೇಲೆ, ಗೂಡುಗಳ ಹೊಟ್ಟು ಗಾಳಿಗೆ ಅಲ್ಲಾಡುತ್ತಿದೆ, ಇಲಿ ಮೂಲೆಯಲ್ಲಿ ಉಂಡೆಯಾಗಿ ಮುದುಡಿದೆ. ಅಯ್ಯೋ. ಈ ರ‍್ಯಾಕನ್ನು ಇಲ್ಲಿಗೆ ತಳ್ಳಿದ್ದು ಯಾರು, ತಾನೇ, ಆ ಮೂಲೆಯ ನಲ್ಲಿ ಸೋರಿ ನೆಲ ಒದ್ದೆಯಾಗುತ್ತದೆ ಎಂದು, ಮದ್ದು ಕೊಡಲು ಶುರು ಮಾಡಿದ ವಾರವೇ. ಚಳಿಗೆ ಇಲಿ ಎರಡರಷ್ಟು ತಿನ್ನುತ್ತದೆ, ಮೈ ಬಿಸಿ ಉಳಿಸಿಕೊಳ್ಳಲು, ಇಲಿಮನೆಗೆ ಕಾಲಿಟ್ಟ ಮೊದಲ ವಾರ ಕಲಿತ ಪಾಠ, ಹೊಸಬರಿಗೆಲ್ಲ ಇವನೇ ಹೇಳಿಕೊಡುತ್ತಿದ್ದ, ತಿನ್ನೋದು ಜಾಸ್ತಿ ಆದ್ರೆ ಮೊದಲು ಗಾಳಿ ನೋಡ್ರಪ್ಪ, ಆಮೇಲೆ ಬೇರೆ ಮಾತು, ಎಷ್ಟು ಜನಕ್ಕೆ ಹೇಳಿದ್ದಾನೆ, ತನಗೆ ಹೇಳಿಕೊಳ್ಳಲಿಲ್ಲ, ಬೇಕಾದದ್ದು ಕಂಡಿತು, ಕಂಡದ್ದನ್ನು ನಂಬಿದ, ಮನಸ್ಸು ವಾಲುತ್ತದೆ ಎಂದು ಮೇಡಂ ಅಂದದ್ದು ಇದನ್ನೇ. ಮುದುಡಿದ ಇಲಿಯನ್ನು ಎತ್ತಿಕೊಂಡ, ಮೈ ತಣ್ಣಗಿತ್ತು. ಆರು ವಾರ ಚಳಿಯಲ್ಲಿ ನಡುಗಿದೆ ಇದು, ಕಂಬಿ ಹಿಡಿದು ಕೇಳಿದೆ, ಅವನು ಅದನ್ನು ಸುಖ ಎಂದುಕೊಂಡು ಖುಷಿಪಟ್ಟ.

ಎರಡೂ ಮೂವತ್ತೈದಕ್ಕೆ ಹನ್ನೆರಡನೆಯದೂ ಮುಗಿದು ಮೇಡಂ ಲಕೋಟೆ ಹರಿದರು, ಓದುವ ಮುಂಚೆಯೇ ಮುಖ ಅರಳಿತ್ತು, ನೀಲಿ ಮದ್ದು, ಹಳದಿ ಬರೀ ಎಣ್ಣೆ, ನೋಡಿ ಇಲಿಯಪ್ಪನವರೇ ಎಷ್ಟು ಚೊಕ್ಕವಾಗಿ ಬಂದಿದೆ, ಮೂರು ವರ್ಷದ ಕೆಲಸ, ನಿಮ್ಮ ಕೈಗುಣ. ಆದ್ರೆ ಇದು ಇಲಿ, ಮನುಷ್ಯರಿಗೆ ಅಂತ ಆಗೋಕೆ ಇನ್ನೂ ಹತ್ತು ಹದಿನೈದು ವರ್ಷ ಬೇಕೋ ಏನೋ, ಆಗದೆಯೂ ಇರಬಹುದು. ಸಂತೋಷ ಮೇಡಂ, ಅಂದ. ಎಣ್ಣೆ ಕುಡಿದಿದ್ದ, ಎಣ್ಣೆಗೆ ಎಣ್ಣೆ ಸುರಿದಿದ್ದ, ಕದ್ದದ್ದೂ ದಂಡ, ಪ್ರಯೋಗ ಕೆಟ್ಟಿಲ್ಲ, ಯಾರಿಗೂ ಏನೂ ಆಗಿಲ್ಲ, ಯಾರೂ ಕೇಳುವುದಿಲ್ಲ, ಹಾಗಾದರೆ ಆ ಹನ್ನೆರಡನೆಯ ದಿನದ ಬೆಳಿಗ್ಗೆ, ಅದು ಏನು, ಅದು ಯಾವ ಮದ್ದೂ ಅಲ್ಲ, ಆಗುತ್ತದೆ ಎಂದು ನಂಬಿ ಮೈಯನ್ನು ಸಡಿಲ ಬಿಟ್ಟಿದ್ದ ಅಷ್ಟೇ, ಅದು ತನ್ನದೇ ಆಗಿತ್ತು, ಅವಳು ಪಕ್ಕದ ಕೋಣೆಯಲ್ಲೇ ಇದ್ದಳು, ಹತ್ತು ಹೆಜ್ಜೆ, ಕರೆದಿದ್ದರೆ ಸಾಕಿತ್ತು, ಆಗದೆ ಹೋಗಿದ್ದರೂ ಕರೆದದ್ದು ಸಾಕಿತ್ತು ಅವಳಿಗೆ.

ಕೈಗವಸು ಕಿತ್ತೆಸೆದು ಹೊರಗೆ ಬಂದ, ಪೆಟ್ಟಿಗೆಯ ಬೀಗಕ್ಕೆ ಕೀ ಸರಿಯಾಗಿ ಕೂರುತ್ತಿಲ್ಲ, ಕೂತಿತು, ಫೋನು, ಎರಡೂ ಐವತ್ತು, ಇನ್ನೂ ಹತ್ತು ನಿಮಿಷ, ಎಷ್ಟೊಂದು ಸಮಯ, ರಿಂಗ್ ಆಗುತ್ತಿದೆ, ಇದು ನಿನ್ನ ಆಪರೇಷನ್‌ಗಿಂತ ಮೊದಲೇ ಇತ್ತು ಕಣೆ, ಎಂದು ಬಾಯೊಳಗೇ ಹೇಳಿಕೊಂಡ, ಇನ್ನೊಮ್ಮೆ ಹೇಳಿಕೊಂಡ, ನಿನ್ನಲ್ಲಿ ಏನೂ ಇಲ್ಲ, ನನ್ನ ರಕ್ತದಲ್ಲಿ ಕೊಬ್ಬು, ರಿಪೋರ್ಟು ಇದೆ, ತೋರಿಸ್ತೀನಿ, ಇಷ್ಟು ಸುಲಭದ ಮಾತು. ಹೇಳಿ, ಅಂದಳು ಅವಳು. ಹಿಂದೆ ಬಸ್ಸುಗಳ ಸದ್ದು, ಯಾರೋ ಊರುಗಳ ಹೆಸರು ಕೂಗುತ್ತಿದ್ದಾರೆ. ಹಲೋ, ಅಂದ. ಹಾಂ, ಹೇಳಿ ರೀ, ಕೇಳಿಸ್ತಿದೆ. ಬಸ್ಸು ಬಂತಾ. ಬಂದಿದೆ, ಕೂತಿದೀನಿ, ಕಿಟಕಿ ಪಕ್ಕ ಸಿಕ್ಕಿತು. ಕಾರಿಡಾರಿನಲ್ಲಿ ಯಾರೋ ಇಬ್ಬರು ನಗುತ್ತ ಹಾದುಹೋದರು, ಇಲಿಯಪ್ಪನವರೇ ಪಾರ್ಟಿ ಯಾವಾಗ, ಅವನು ಗೋಡೆಯ ಕಡೆ ತಿರುಗಿದ, ಗೋಡೆಗೆ ಹೊಸ ಬಣ್ಣ, ಬೆರಳಿಗೆ ಅಂಟಿತು, ಕಣೆ, ಅಂದ. ಅವಳು ಕಾದಳು. ಅವಳು ಕಾಯುತ್ತಿದ್ದದ್ದು ಫೋನಿನಲ್ಲಿ ಕೇಳಿಸುತ್ತಿತ್ತು, ಉಸಿರು ಹಿಡಿದುಕೊಂಡಿದ್ದಳು. ಬೀರುವಿನ ಕೀ ಎಲ್ಲಿಟ್ಟಿದೀಯ, ಅಂದ ಅವನು. ಉಸಿರು ಬಿಟ್ಟಳು. ಯಾವಾಗಲೂ ಇಡೋ ಜಾಗದಲ್ಲೇ, ಅಂದಳು. ಅಷ್ಟೇನಾ. ಅಷ್ಟೇ. ಸರಿ, ಊಟ ಹೊತ್ತಿಗೆ ಸರಿಯಾಗಿ ಮಾಡಿ.

ಮೂರು. ಮೂರೂ ಐದು. ಬಸ್ಸು ಹೊರಟಿರಬೇಕು, ಬ್ಯಾಗು ಕಾಲಿನ ಹತ್ತಿರ ಇರಬೇಕು, ಅದರೊಳಗೆ ಆ ನೈಟಿ ಇದೆಯೋ ಇಲ್ಲವೋ, ಇದ್ದರೆ ಅಕ್ಕನ ಮನೆಯಲ್ಲಿ ಹಾಕಿಕೊಳ್ಳುತ್ತಾಳೆ, ಅಕ್ಕ ಕೇಳುತ್ತಾಳೆ, ಇದೇನೇ ಒಂದು ಗುಂಡಿ ಬೇರೆ ಥರ, ಅವಳು ಏನೋ ಒಂದು ಹೇಳುತ್ತಾಳೆ, ಇಲಿಮನೆಗೆ ವಾಪಸು ಬಂದು ಖಾಲಿ ಗೂಡುಗಳ ಮುಂದೆ ನಿಂತಿದ್ದಾನೆ, ಒಂದೂ ಟಿಕ್ ಎನ್ನುವುದಿಲ್ಲ, ಗಾಳಿ ಮಾತ್ರ ತಲೆಯ ಮೇಲೆ, ಗೂಡು ತೊಳೆಯಬೇಕು, ಹೊಟ್ಟು ಸುರಿಯಬೇಕು, ಈ ಕೈಯಲ್ಲಿ ಯಾವ ಇಲಿಯಾದರೂ ಸುಮ್ಮನಿರುತ್ತದೆ, ಈ ಕೈ ಆವತ್ತು ತೊಡೆಯ ಮೇಲಿತ್ತು, ಎರಡೂ, ಖಾಲಿ, ಏನೂ ಮಾಡಬೇಕಿರಲಿಲ್ಲ, ಬೇರೆ ಏನೂ ಬೇಕಿರಲಿಲ್ಲ, ಕೈ ಚಾಚಿ ಅದೊಂದನ್ನು ಹಾಕಿಕೊಟ್ಟಿದ್ದರೆ, ಬಿಸಿಲಿನ ಪಟ್ಟಿ ಅವಳ ಮೊಣಕಾಲಿನವರೆಗೆ ಬಂದಿತ್ತು, ಊದಿದ ಬೆರಳು, ಕಂದು ಗುಂಡಿ, ಒತ್ತುತ್ತಾಳೆ, ಜಾರುತ್ತದೆ, ಅವಳು ಅವನ ಕಡೆ ನೋಡುವುದಿಲ್ಲ, ಒತ್ತುತ್ತಾಳೆ, ಜಾರುತ್ತದೆ, ಕಂದು ಗುಂಡಿ, ಒತ್ತುತ್ತಾಳೆ, ಕಂದು ಗುಂಡಿ